ತಂಗಿಗೆ ಕೊಟ್ಟ ಎಂಜಿನ್ ಆಯಿಲ್

ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಎಂಜಿನ್ ಆಯಿಲ್ ಮಾರುತ್ತಿದ್ದೇನೆ. ಹೆಸರು ಕಾಶಿನಾಥ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಜನ ಹೇಳುತ್ತಾರೆ. ಸಿಟ್ಟು ಬರುವಂಥ ಪ್ರಶ್ನೆಗಳನ್ನೇ ಜನ ಕೇಳಿದರೆ ನಾನೇನು ಮಾಡಲಿ? "ಆ ಹಸರ ಡಬ್ಬಿದು ಕೊಡ್ರಿ" ಅನ್ನುತ್ತಾರೆ. ಡಬ್ಬಿಯ ಬಣ್ಣ ನೋಡಿ ಆಯಿಲ್ ಕೇಳುವವರಿಗೆ ನಾನು ಮೊದಲು ಅರ್ಧ ತಾಸು ಪಾಠ ಹೇಳುತ್ತೇನೆ, ಆಮೇಲೆ ಡಬ್ಬಿ ಕೊಡುತ್ತೇನೆ. ನನ್ನ ಅಂಗಡಿಯಲ್ಲಿ ಎಡಗಡೆ ಎರಡು ಗಾಲಿಯ ಗಾಡಿಗಳ ಆಯಿಲ್, ಬಲಗಡೆ ನಾಲ್ಕು ಗಾಲಿಯವುಗಳದ್ದು, ಹಿಂದಿನ ಗೋಡೆಗೆ ಟ್ರ್ಯಾಕ್ಟರಿನದು. ಕಣ್ಣು ಮುಚ್ಚಿ ಕೈ ಹಾಕಿದರೂ ನನ್ನ ಕೈ ತಪ್ಪುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ. ಹೋದ ಶ್ರಾವಣದಲ್ಲಿ ಕಣ್ಣು ತೆರೆದುಕೊಂಡೇ ಕೈ ಹಾಕಿ ತಪ್ಪಿದೆ, ಅದೂ ಸ್ವಂತ ತಂಗಿಯ ವಿಷಯದಲ್ಲಿ.

ನನ್ನ ತಂಗಿ ಬಾಳವ್ವ ನನಗಿಂತ ಆರು ವರ್ಷ ಚಿಕ್ಕವಳು. ಮೂಡಲಗಿಯಿಂದ ಏಳೆಂಟು ಕಿಲೋಮೀಟರ್ ಆಚೆಯ ಹಳ್ಳಿಗೆ ಕೊಟ್ಟಿದ್ದೇವೆ. ಅವಳ ಗಂಡ ಗುರುಲಿಂಗಪ್ಪ ಮಾತಾಡುವುದು ಬಹಳ ಕಡಿಮೆ. ಅವನ ಪಾಲಿನ ಮಾತನ್ನೂ ಬಾಳವ್ವನೇ ಆಡಿ ಮುಗಿಸುತ್ತಾಳೆ. ಹಳ್ಳದಾಚೆಯ ತೋಟದ ಮನೆಗಳ ಹಾಲನ್ನು ದಿನಾ ಮುಂಜಾನೆ ಊರ ಡೇರಿಗೆ ತಂದು ಮುಟ್ಟಿಸುವುದು ಅವಳ ಕೆಲಸ. ಒಟ್ಟು ಹದಿನಾಲ್ಕು ಮನೆ. ಬೇಸಿಗೆಯಲ್ಲಿ ಮೋಟರ್ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಆರಾಮ ಹೋಗಿ ಬರುತ್ತಾಳೆ. ಮಳೆಗಾಲದಲ್ಲಿ ಆ ಕಡೆಯ ಎರೆಮಣ್ಣು ಗಾಲಿಗೆ ಮೆತ್ತಿಕೊಂಡಿತೆಂದರೆ ಗಾಡಿ ಮುಂದೂ ಹೋಗುವುದಿಲ್ಲ, ಹಿಂದೂ ಬರುವುದಿಲ್ಲ. ಆಷಾಢದಲ್ಲಿ ಎರಡು ಸಲ ಹಾಲಿನ ಸಮೇತ ಬಿದ್ದಳು.

ಡೇರಿಯ ಅಧ್ಯಕ್ಷ ರಾಚಪ್ಪ ಕೆಟ್ಟವನಲ್ಲ, ಆದರೆ ತಲೆನೋವು ಎಲ್ಲಿದೆಯೋ ಅಲ್ಲಿ ತಲೆಯನ್ನೇ ತೆಗೆಯುವ ಜಾತಿಯ ಮನುಷ್ಯ. "ಸಾಕವ್ವಾ, ದೀಪಾವಳಿತನಕಾ ತೋಟದ ಮನಿ ಹಾಲು ಬ್ಯಾಡ" ಎಂದುಬಿಟ್ಟ. ಮೂರು ತಿಂಗಳು ಹಾಲು ಹೋಗದಿದ್ದರೆ ಆ ಮನೆಗಳ ಹೆಣ್ಣುಮಕ್ಕಳು ಎಮ್ಮೆ ಕಟ್ಟಿಕೊಂಡು ಏನು ಮಾಡಬೇಕು? ಕಟ್ಟಕಡೆಯ ಮನೆಯ ಚನ್ನವ್ವನಿಗಂತೂ ಇರುವುದೇ ಒಂದು ಎಮ್ಮೆ. ಗಂಡ ತೀರಿಕೊಂಡ ಮೇಲೆ ಆಕೆ ಅದರ ಹಾಲಿನ ಮೇಲೆಯೇ ಬದುಕಿದ್ದಾಳೆ.

ಬಾಳವ್ವ ಸುಮ್ಮನೆ ಕೂರುವವಳೇ? ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನ ಹತ್ತಿರ ವಿಠ್ಠಲ ಎಂಬುವನು ಪ್ರವಾಸಿಗರನ್ನು ಮಣ್ಣಿನಲ್ಲಿ ಸುತ್ತು ಹಾಕಿಸಲು ಒಂದು ಗಾಡಿ ಇಟ್ಟಿದ್ದ. ಮೋಟರ್ ಸೈಕಲ್ಲಿಗೆ ನಾಲ್ಕು ದಪ್ಪ ಗಾಲಿ ಹಚ್ಚಿದರೆ ಹೇಗಿರುತ್ತದೋ ಹಾಗೆ ಅದು. ಅದೇ ಹ್ಯಾಂಡಲ್ಲು, ಕೈಯಲ್ಲೇ ಕ್ಲಚ್ಚು, ಇನ್ನೂರು ಸಿಸಿ ಎಂಜಿನ್ನು. ವಿಠ್ಠಲ ಅದನ್ನು ಮಾರುತ್ತಾನೆ ಎಂದು ಯಾರೋ ಹೇಳಿದ್ದೇ ತಡ, ಬಾಳವ್ವ ಹೋಗಿ ಕೊಂಡು ತಂದಳು. ಗಾಡಿ ಕುಪ್ಪಳಿಸುವುದನ್ನು ನೋಡಿ ಊರವರು ಅದಕ್ಕೆ ಕಪ್ಪೆಗಾಡಿ ಎಂದು ಹೆಸರಿಟ್ಟರು. ರಾಚಪ್ಪನಿಗೂ ಒಪ್ಪಿಸಿದಳು. ಅವನು ಹಾಕಿದ ಷರತ್ತು ಇಷ್ಟು: "ಏಳೂವರೆಗೆ ಹಾಲಿನ ಲಾರಿ ಬರತೈತಿ, ಅದು ಯಾರಿಗೂ ನಿಲ್ಲೂದಿಲ್ಲ. ಎಂಟು ದಿನ ನೋಡ್ತೇನಿ. ಅದರಾಗ ಎರಡು ದಿನ ಲಾರಿ ತಪ್ಪಿಸಿದ್ರ ಮುಗೀತು, ದೀಪಾವಳಿಮಟ ಮಾತಿಲ್ಲ."

ಆ ಎಂಟು ದಿನ ಶುರುವಾಗುವ ಮೊದಲು ನಾಗರ ಪಂಚಮಿ ಬಂತು. ಪಂಚಮಿಗೆ ತಂಗಿಯನ್ನು ಕರೆತರದ ಅಣ್ಣನಿಗೆ ನಮ್ಮ ಕಡೆ ಮುಖವಿಲ್ಲ. ಗೋಕಾಕಕ್ಕೆ ಕರೆತಂದೆ. ಜೋಕಾಲಿ ಆಡಿದಳು, ಉಂಡಿ ತಿಂದಳು, ಎಲ್ಲಾ ಆದ ಮೇಲೆ ಪರ್ಸಿನಿಂದ ಒಂದು ಚೀಟಿ ತೆಗೆದಳು.

"ಮೂಡಲಗಿ ಯಾಸೀನ ಗಾಡೀದು ಬ್ರೇಕು, ಚೈನು ಎಲ್ಲಾ ಮಾಡಿಕೊಟ್ಟಾನ. ಆಯಿಲ್ ಅಷ್ಟ ನಿಮ್ಮಣ್ಣನ ಕಡೆ ತಗೋರಿ ಅಂದ. ಯಾವುದಂತ ಇದರಾಗ ಬರದಾನ."

ಚೀಟಿಯಲ್ಲಿ ಮೋಟರ್ ಸೈಕಲ್ ಆಯಿಲ್, ಟ್ವೆಂಟಿ-ಫಿಫ್ಟಿ, ಡಬ್ಬಿಯ ಹಿಂದೆ ಎಂಎ-ಟೂ ಎಂದು ಬರೆದಿರಬೇಕು ಅಂತ ಇತ್ತು. ನನಗೆ ಮೈ ಉರಿದುಹೋಯಿತು. ಆಯಿಲ್ ಮಾರುವವನು ನಾನು. ಆಯಿಲ್ ಯಾವುದು ಅಂತ ನನಗೆ ಮೂಡಲಗಿಯಿಂದ ಚೀಟಿ ಬರುತ್ತದೆ!

"ಗಾಡಿಗೆ ಗಾಲಿ ಎಷ್ಟವ್ವಾ?"

"ನಾಲ್ಕು."

"ಮತ್ತ? ನಾಲ್ಕ ಗಾಲಿ ಅಂದ್ರ ಅದು ಬಲಗಡಿ ಕಪಾಟಿಂದು. ಮೋಟರ್ ಸೈಕಲ್ ಆಯಿಲ್ ಅಂತ, ಮೋಟರ್ ಸೈಕಲ್!" ಎಂದು ಚೀಟಿಯನ್ನು ಹರಿದು ಒಗೆದೆ.

ಖರೆ ಹೇಳುತ್ತೇನೆ, ಗಾಲಿಯ ಲೆಕ್ಕ ಅರ್ಧ ಕಾರಣ ಮಾತ್ರ. ಯಾಸೀನ ಬರೆದ ಆಯಿಲ್ ನನ್ನ ಎಡಗಡೆಯ ಕಪಾಟಿನ ಕೆಳಗಿನ ಸಾಲಿನಲ್ಲಿತ್ತು, ಧೂಳು ಹಿಡಿದ ಅಗ್ಗದ ಡಬ್ಬಿ. ಪಂಚಮಿಗೆ ಬಂದ ತಂಗಿಗೆ ಅದನ್ನು ಕೊಡುವುದೇ? ನಾನು ನನ್ನ ಕಾರಿಗೆ ಹಾಕುವ ಆಯಿಲ್ ಎಲ್ಲಕ್ಕಿಂತ ತುಟ್ಟಿ, ನೀರಿನಂತೆ ತೆಳ್ಳಗೆ, ಬಂಗಾರದ ಬಣ್ಣದ ಡಬ್ಬಿ. ಪೆಟ್ರೋಲ್ ಉಳಿಸುತ್ತದೆ ಎಂದು ಡಬ್ಬಿಯ ಮೇಲೆಯೇ ಗುಂಡಗೆ ಮುದ್ರೆ ಒತ್ತಿದ್ದರು. ಅದನ್ನೇ ತಂದೆ.

ನನ್ನ ಹೆಂಡತಿ ಶೋಭಾ ಡಬ್ಬಿ ನೋಡಿ, "ಗಾಡಿಗೆ ಏನ ಬೇಕಂತ ಗಾಡಿ ಬಿಚ್ಚಿ ನೋಡಿದವರನ್ನ ಕೇಳಬೇಕ್ರಿ. ನೀವು ಸೀರಿ ಆರಿಸಿದಂಗ ಆರಿಸಾಕತ್ತೀರಲ್ಲ" ಎಂದಳು.

"ನಿನಗೇನ ತಿಳೀತೈತಿ? ಉಡಿ ತುಂಬು" ಎಂದೆ.

ಮರುದಿನ ಹೊರಡುವಾಗ ಶೋಭಾ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಖಣ, ಎಲೆ ಅಡಿಕೆ, ಅವುಗಳ ಮೇಲೆ ಬಂಗಾರದ ಬಣ್ಣದ ಆಯಿಲ್ ಡಬ್ಬಿ. ಡಬ್ಬಿಗೂ ಅರಿಷಿಣ ಕುಂಕುಮ ಹಚ್ಚಿದ್ದಳು, ನನ್ನನ್ನು ಕಾಡಿಸಲಿಕ್ಕೆಂದೇ. ಬಾಳವ್ವ ಸೆರಗಿನಲ್ಲಿ ಅದರ ಭಾರ ನೋಡಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ನನಗೂ ಎದೆ ತುಂಬಿ ಬಂತು. ತವರಿನವರು ಎಂದರೆ ಹೀಗಿರಬೇಕು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಒಂಬತ್ತು ದಿನ ಬಿಟ್ಟು ಅವಳ ಫೋನು ಬಂತು. ದನಿ ಬಾಳವ್ವನದಲ್ಲ ಎನ್ನುವಷ್ಟು ಸಣ್ಣಗಿತ್ತು.

"ಅಣ್ಣಾ, ಆ ಗಾಡಿ ತಗೊಳ್ಳವರು ಯಾರರ ಅದಾರೇನು ನೋಡು. ಮಾರಿಬಿಡೋಣು."

"ಯಾಕ? ಏನಾತು?"

"ಮೊದಲಿನ ಎರಡ ದಿನ ಬೆಷ್ಟ ಹೋತು. ಆಮ್ಯಾಲ ಎರಡ ದಿನ ಲಾರಿ ತಪ್ಪಿತು. ಹಳ್ಳ ದಾಟಿದ ಮ್ಯಾಲ ಏರು ಐತಲ್ಲಾ, ಅಲ್ಲಿ ಕ್ಯಾನ್ ತುಂಬಿದ್ದಾಗ ಏರವಲ್ದು. ಎಂಜಿನ್ ಒದರತೈತಿ, ಗಾಡಿ ಅಲ್ಲೇ ನಿಂತಿರತೈತಿ. ಬರೇ ಗಾಡಿ ಇದ್ರ ಬೆಷ್ಟ ಹೋಗತೈತಿ. ನನಗ ಕ್ಲಚ್ ಬಿಡಾಕ ಬರೂದಿಲ್ಲ ಅಣ್ಣಾ. ಮಧ್ಯಾಹ್ನ ಹೊಲದಾಗ ದಿನಾ ಕಲಿಯಾಕ ನೋಡಿದೆ. ನನ್ನ ಕೈನ ಸರಿ ಇಲ್ಲ. ಇವತ್ತ ನಾಲ್ಕಕ್ಕ ಮೀಟಿಂಗ್ ಕರದಾರ, ನಾ ಬಿಡ್ತೇನಂತ ಹೇಳಿಬಿಡ್ತೇನಿ."

ಹದಿನೈದನೆಯ ವರ್ಷಕ್ಕೇ ಟ್ರ್ಯಾಕ್ಟರ್ ಹೊಡೆದವಳು ಇವಳು. ಇವಳಿಗೆ ಕ್ಲಚ್ ಬಿಡಲು ಬರುವುದಿಲ್ಲವಂತೆ! ನನ್ನ ಸಿಟ್ಟು ನೆಟ್ಟಗೆ ಯಾಸೀನನ ಕಡೆ ತಿರುಗಿತು. ರಿಪೇರಿ ಸರಿ ಮಾಡದೆ ನನ್ನ ತಂಗಿಯ ಕೈಗೆ ಕೆಟ್ಟ ಹೆಸರು ತಂದಿದ್ದಾನೆ. ಅಂಗಡಿ ಬಾಗಿಲು ಎಳೆದು ಕಾರು ಹತ್ತಿದೆ. ಮೂಡಲಗಿ ಮುಟ್ಟುವ ತನಕ ಅವನಿಗೆ ಏನೇನು ಬೈಯಬೇಕು ಎಂದು ಜೋಡಿಸಿಕೊಳ್ಳುತ್ತಲೇ ಹೋದೆ.

ಯಾಸೀನ ಹುಕ್ಕೇರಿಯಲ್ಲಿ ಅಕ್ಕನ ಮಗಳ ಮದುವೆ ಮುಗಿಸಿ ಅಂದೇ ಬಂದು ಗ್ಯಾರೇಜು ತೆರೆದಿದ್ದ. ನಾನು ಕಾರಿನಿಂದ ಇಳಿಯುತ್ತಲೇ ಶುರು ಮಾಡಿದೆ. ಅವನು ಕೈ ಒರೆಸಿಕೊಳ್ಳುತ್ತ ಎಲ್ಲಾ ಕೇಳಿದ. ಎಂಜಿನ್ ಒದರುತ್ತದೆ, ಗಾಡಿ ಹೋಗುವುದಿಲ್ಲ ಎಂದಾಗ ಮಾತ್ರ ತಲೆ ಎತ್ತಿದ.

"ಅಣ್ಣಾರ, ಆಯಿಲ್ ಯಾವುದು ಹಾಕಿದ್ರಿ?"

ನಾನು ಎದೆ ಉಬ್ಬಿಸಿ ಹೆಸರು ಹೇಳಿದೆ. ಬೆಲೆಯನ್ನೂ ಹೇಳಿದೆ.

ಯಾಸೀನ ಬಾಜೂದ ಸ್ಟೂಲಿನ ಮೇಲೆ ಕೂತುಬಿಟ್ಟ. "ಯಾ ಅಲ್ಲಾ! ಕಾರಿಂದು ಹಾಕಿದ್ರೇನ್ರಿ? ನಾ ಚೀಟಿ ಕಳಿಸಿದ್ನಲ್ರಿ."

"ನಾಲ್ಕ ಗಾಲಿ..." ಎಂದೆ. ನನ್ನ ದನಿಯ ಮೇಲೆ ನನಗೇ ಅನುಮಾನ ಬಂತು.

ಅವನು ಎದ್ದು ಬಿಚ್ಚಿಟ್ಟಿದ್ದ ಒಂದು ಮೋಟರ್ ಸೈಕಲ್ ಎಂಜಿನ್ನಿನ ಮಗ್ಗಲು ತೋರಿಸಿದ. ಬಿಲ್ಲೆಗಳಂತೆ ಒಂದರ ಮೇಲೊಂದು ಕೂತ ಕ್ಲಚ್ ಪ್ಲೇಟುಗಳು ಆಯಿಲ್‌ನಲ್ಲಿ ತೊಯ್ದು ಹೊಳೆಯುತ್ತಿದ್ದವು.

"ಗಾಲಿ ಎಣಸಬಾರ್ದ್ರಿ ಅಣ್ಣಾರ, ಕ್ಲಚ್ ಎಲ್ಲಿ ಐತಿ ನೋಡಬೇಕು. ನಿಮ್ಮ ಕಾರಿನ ಕ್ಲಚ್ ಒಣಾ ಇರತೈತಿ, ಎಂಜಿನ್ ಆಯಿಲ್ ಅದಕ್ಕ ಮುಟ್ಟೂದ ಇಲ್ಲ. ಇದರಾಗ ಎಂಜಿನ್ನು, ಗೇರು, ಕ್ಲಚ್ಚು ಎಲ್ಲಾ ಒಂದ ಆಯಿಲ್‌ದಾಗ ಇರ್ತಾವು. ಪೆಟ್ರೋಲ್ ಉಳಸೂ ಆಯಿಲ್ ಅಂದ್ರೇನು? ಯಾವುದಕ್ಕ ಯಾವುದೂ ತಿಕ್ಕಬಾರ್ದು, ಎಲ್ಲಾ ಜಾರಬೇಕು. ಆದ್ರ ಕ್ಲಚ್ ಪ್ಲೇಟ್ ಒಂದನ್ನೊಂದು ಗಟ್ಟಿ ಹಿಡದ್ರನ ಗಾಡಿ ಮುಂದ ಹೋಗೂದು. ಹಗ್ಗ ಜಗ್ಗವರ ಕೈಗೆ ಬೆಣ್ಣಿ ಹಚ್ಚಿ, ಜಗ್ಗ್ರೆಪಾ ಅಂದಂಗಾತು. ಎಂಎ-ಟೂ ಅಂತ ಬರದಿದ್ರ ಅದು ತೊಯ್ದ ಕ್ಲಚ್ಚಿಗೆ ಆಗೂ ಆಯಿಲ್ ಅಂತ ಅರ್ಥ."

"ಮತ್ತ ಮೊದಲಿನ ಎರಡ ದಿನ ಹೆಂಗ ಹೋತು?"

"ಹಳೇ ಆಯಿಲ್‌ದ ಪಸಿ ಪ್ಲೇಟಿನಾಗ ಇತ್ತಲ್ರಿ. ಮತ್ತ ಇದಕ್ಕ ರೇಡಿಯೇಟರ್ ಇಲ್ಲ, ನೀರಿಲ್ಲ. ಗಾಳಿ ಬಡದ್ರಷ್ಟ ಎಂಜಿನ್ ತಣ್ಣಗ. ಅಕ್ಕಾರು ಕ್ಯಾನ್ ತುಂಬಿ ನಡದಂಗ ಸಾವಕಾಶ ಹೋಗತಾರ, ಗಾಳಿ ಎಲ್ಲಿಂದ ಬರಬೇಕು? ಕಾದ ಎಂಜಿನ್ನಿನಾಗ ತೆಳ್ಳನ ಆಯಿಲ್ ಇನ್ನೂ ತೆಳ್ಳಗಾಗತೈತಿ. ಅದಕ್ಕ ಟ್ವೆಂಟಿ-ಫಿಫ್ಟಿ ಅಂತ ದಪ್ಪಂದು ಬರದಿದ್ದೆ."

ನಾನು ಜೋಡಿಸಿಕೊಂಡು ಬಂದ ಬೈಗುಳಗಳೆಲ್ಲ ಈಗ ನನಗೇ ಲಾಗೂ ಆಗುತ್ತಿದ್ದವು. ಗಡಿಯಾರ ನೋಡಿದೆ, ನಾಲ್ಕಕ್ಕೆ ಹತ್ತು ನಿಮಿಷ. ಯಾಸೀನನನ್ನು ಅವನ ಪಾನಾ ಪೆಟ್ಟಿಗೆಯ ಸಮೇತ ಕಾರಿಗೆ ಹಾಕಿಕೊಂಡೆ. ಕಾರಿನ ಡಿಕ್ಕಿಯಲ್ಲಿ ನಾಲ್ಕು ಡಬ್ಬಿ ಆಯಿಲ್ ಇತ್ತು, ನಾಲ್ಕೂ ಕಾರಿನದೇ. ಎರಡು ಲೀಟರ್ ಟ್ವೆಂಟಿ-ಫಿಫ್ಟಿಯನ್ನು ಆಯಿಲ್ ವ್ಯಾಪಾರಿಯಾದ ನಾನು ಮೂಡಲಗಿಯ ಬೇರೆ ಅಂಗಡಿಯಲ್ಲಿ ಕೊಂಡೆ. ಆ ಅಂಗಡಿಯವನು ನನ್ನ ಗುರುತು ಹಿಡಿದು ಬಹಳ ಹೊತ್ತು ನಕ್ಕ.

ಡೇರಿಯಲ್ಲಿ ಏಳು ಜನ ಕೂತಿದ್ದರು. ಅವರಲ್ಲಿ ನಾಲ್ವರು ನನ್ನ ಗಿರಾಕಿಗಳು. ಬಾಗಿಲ ಹತ್ತಿರ ಚನ್ನವ್ವ ಮುದುಡಿಕೊಂಡು ಕೂತಿದ್ದಳು. ಬಾಳವ್ವ ನಿಂತಿದ್ದಳು, ತಲೆ ತಗ್ಗಿಸಿ. ಅವಳು ತಲೆ ತಗ್ಗಿಸಿದ್ದನ್ನು ನಾನು ಅವಳ ಮದುವೆಯಲ್ಲಿಯೂ ನೋಡಿರಲಿಲ್ಲ.

ರಾಚಪ್ಪ ಸಮಾಧಾನದ ದನಿಯಲ್ಲಿ ಹೇಳುತ್ತಿದ್ದ: "ನಿಂದೇನ ತಪ್ಪಿಲ್ಲವ್ವಾ. ಇಂಥಾ ಗಾಡಿ ಹೊಡಿಯೂದು ಹೆಣ್ಮಕ್ಕಳ ಕೆಲಸ ಅಲ್ಲ. ದೀಪಾವಳಿ ಆದಮ್ಯಾಲ ಮೋಟರ್ ಸೈಕಲ್ಲಿನ ಮ್ಯಾಲ ತರೂವಂತಿ."

"ಹೌದ್ರಿ ಕಾಕಾ" ಎಂದಳು ಬಾಳವ್ವ.

ಒಂದು ಕ್ಷಣ ನಾನು ಬಾಗಿಲಲ್ಲೇ ನಿಂತೆ. ಗಾಡಿಯಲ್ಲಿ ಏನೋ ಸಣ್ಣ ದೋಷವಿತ್ತು, ಈಗ ಸಿಕ್ಕಿದೆ ಎಂದು ಹೇಳಿದರೆ ಸಾಕಾಗಿತ್ತು. ನನ್ನ ಮರ್ಯಾದೆ ಉಳಿಯಲೆಂದು ಯಾಸೀನನೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದ. ನಾಲ್ಕು ಗಿರಾಕಿಗಳ ಮುಂದೆ ಆಯಿಲ್ ಅಂಗಡಿಯವನು ತಪ್ಪು ಆಯಿಲ್ ಕೊಟ್ಟೆ ಎಂದರೆ ನಾಳೆ ಗೋಕಾಕದ ತನಕ ಸುದ್ದಿ. ಆದರೆ ಆ "ಹೌದ್ರಿ ಕಾಕಾ" ನನಗೆ ತಡೆಯಲಾಗಲಿಲ್ಲ.

"ಅಕಿ ಕೈ ಬೆಷ್ಟ ಐತ್ರಿ" ಎಂದೆ, ಸ್ವಲ್ಪ ಜೋರಾಗಿಯೇ. "ಆಯಿಲ್ ತಪ್ಪೈತಿ. ಕೊಟ್ಟಾಂವ ನಾನು. ಯಾಸೀನ ಸರೀದು ಬರದ ಕಳಿಸಿದ್ದ, ನಾ ಕೇಳಲಿಲ್ಲ."

ಎಲ್ಲರೂ ತಿರುಗಿ ನೋಡಿದರು. ಎಲ್ಲರಿಗಿಂತ ಮೊದಲು ಸಿಡಿದವಳು ಬಾಳವ್ವ.

"ಸುಳ್ಳ ಹೇಳಬ್ಯಾಡಣ್ಣಾ! ನನ್ನ ಉಳಸಾಕ ನಿನ್ನ ಅಂಗಡಿ ಹೆಸರ ಯಾಕ ಕೆಡಸಕೊಳ್ತಿ? ಇಪ್ಪತ್ತೆರಡ ವರ್ಷ ಆಯಿಲ್ ಮಾರಿದಾಂವ್ರಿ ಇಂವ, ಇಂವಗ ತಪ್ಪತೈತೇನ್ರಿ? ತಪ್ಪ ನಂದ ಐತ್ರಿ."

"ನಿಂದಲ್ಲ ಅಂದ್ನಲ್ಲ!"

"ನಂದ!"

"ಸುಮ್ನ ಕುಂಡ್ರು, ನಿನಗೇನ ಗೊತ್ತೈತಿ ಆಯಿಲ್‌ದು?"

"ನಿನಗೇನ ಗೊತ್ತೈತಿ ಹಳ್ಳದ ಏರು? ಒಂದ ದಿನರ ಹೊಡದೀ?"

ತಪ್ಪಿಗಾಗಿ ಅಣ್ಣ ತಂಗಿ ಇಷ್ಟು ಜಗ್ಗಾಡಿದ್ದನ್ನು ಆ ಡೇರಿ ಹಿಂದೆ ಕಂಡಿರಲಿಕ್ಕಿಲ್ಲ. ಚನ್ನವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕಡೆಗೆ ಯಾಸೀನ ನಡುವೆ ಬಂದು, ಹಗ್ಗ ಮತ್ತು ಬೆಣ್ಣೆಯ ಕತೆಯನ್ನು ಇನ್ನೊಮ್ಮೆ ಹೇಳಿದ. ಬಾಳವ್ವ ಜಗಳ ಬಿಟ್ಟು ಕೇಳಿದಳು. ತನ್ನ ಎಡಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು.

ರಾಚಪ್ಪನಿಗೆ ಬೇರೆಯೇ ಚಿಂತೆ. "ಕಾಶಿನಾಥ, ಹಂಗಾರ ನನ್ನ ಟ್ರ್ಯಾಕ್ಟರಿಗೆ ಕೊಟ್ಟಿದ್ದು?"

"ಅದು ಹಿಂದಿನ ಗ್ವಾಡೀದ್ರಿ, ಬರೋಬರಿ ಐತಿ. ಬೇಕಾದ್ರ ಯಾಸೀನನ್ನ ಕೇಳ್ರಿ" ಎಂದೆ. ಯಾಸೀನನನ್ನು ಕೇಳಿ ಎಂದು ನಾನು ಹೇಳಿದ್ದು ಅದೇ ಮೊದಲು. ಎಲ್ಲರೂ ಗೊಳ್ಳೆಂದು ನಕ್ಕರು, ರಾಚಪ್ಪನೂ ನಕ್ಕ.

"ಆತು. ನಾಳೆ ಒಂದ ಮುಂಜಾನಿ" ಎಂದ ಅವನು. "ಹದಿನಾಲ್ಕೂ ಮನಿ ಹಾಲು ಲಾರಿ ಬರೂದರೊಳಗ ಬಂದ್ರ ಗಾಡಿ ಮುಂದವರೀಲಿ. ಬರಲಿಲ್ಲಂದ್ರ ಮತ್ತ ಯಾರ ತಪ್ಪಂತ ಜಗಳಾಡಾಕ ಬರಬ್ಯಾಡ್ರಿ."

ಬಾಳವ್ವನ ಅಂಗಳದಲ್ಲಿ ಯಾಸೀನ ಗಾಡಿ ಬಿಚ್ಚಿದ. ಆಯಿಲ್ ಇಳಿಸಿದ. ಕ್ಲಚ್ ಪ್ಲೇಟುಗಳನ್ನು ಒಂದೊಂದಾಗಿ ತೆಗೆದು ಪೆಟ್ರೋಲಿನಲ್ಲಿ ತೊಳೆದು, ಹೊಸ ಆಯಿಲ್‌ನಲ್ಲಿ ನೆನೆಯಿಟ್ಟು, ಮತ್ತೆ ಜೋಡಿಸಿದ. ಮೊದಲು ಸ್ವಲ್ಪ ಹೊಸ ಆಯಿಲ್ ಹಾಕಿ ಎಂಜಿನ್ ತಿರುಗಿಸಿ, ಅದನ್ನೂ ಇಳಿಸಿ, ಆಮೇಲೆ ಪೂರ್ತಿ ತುಂಬಿದ. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಅವನು ಹೇಳಿದ್ದನ್ನು ಬಾಯಿ ಮುಚ್ಚಿಕೊಂಡು ಮಾಡಿದೆ, ಅದು ನನಗೆ ಸುಲಭದ ಕೆಲಸವಲ್ಲ. ಇಳಿಸಿದ ತುಟ್ಟಿ ಆಯಿಲ್ ಬೋಗುಣಿಯಲ್ಲಿ ಕರ್ರಗೆ ನಿಂತಿತ್ತು. ಯಾಸೀನ ಅದನ್ನು ಬಾಜೂ ಸರಿಸುವಾಗ ಗುರುಲಿಂಗಪ್ಪ ಅಂದಿನ ತನ್ನ ಮೊದಲ ಮಾತು ಆಡಿದ: "ಚೆಲ್ಲಬ್ಯಾಡ್ರಿ, ತವರಮನಿ ಉಡಿಯಾಗ ಬಂದದ್ದು. ಬಂಡಿ ಅಚ್ಚಿಗೆ ಹಾಕ್ತೇನಿ."

ರಾತ್ರಿಯೆಲ್ಲ ಮಳೆ ಹೊಡೆಯಿತು. ಐದೂವರೆಗೆ ಹೊರಟೆವು. ನಾನೂ ಹಿಂದೆ ಕ್ಯಾನುಗಳ ನಡುವೆ ಹತ್ತಿದೆ. ಏರಿನಲ್ಲಿ ಸಿಕ್ಕಿಬಿದ್ದರೆ ನೂಕಲು ಒಬ್ಬ ಬೇಕಲ್ಲ. ಮನೆ ಮನೆಗೂ ಹೆಣ್ಣುಮಕ್ಕಳು ಹಾಲು ಹಿಡಿದುಕೊಂಡು ನಿಂತಿದ್ದರು. ಸುದ್ದಿ ನಮಗಿಂತ ಮೊದಲೇ ಹಳ್ಳ ದಾಟಿತ್ತು. "ಇವರ ಏನವ್ವಾ ನಿಮ್ಮ ಆಯಿಲ್ ಅಣ್ಣಾರು?" ಎಂದು ಎಲ್ಲರೂ ನನ್ನನ್ನು ಕಣ್ತುಂಬ ನೋಡಿದರು. ಕಡೆಯ ಮನೆಯಲ್ಲಿ ಚನ್ನವ್ವ ತಲೆಗೆ ಚೀಲದ ಕೊಪ್ಪೆ ಹಾಕಿಕೊಂಡು ಕಾಯುತ್ತಿದ್ದಳು. ತನ್ನ ಹಾಲಿನ ಕ್ಯಾನು ಕೊಟ್ಟು, "ಹುಷಾರ ಹೋಗಿ ಬಾರವ್ವಾ" ಎಂದಳು. ಅವಳ ಕೈ ಎಮ್ಮೆಯ ಬೆನ್ನ ಮೇಲಿತ್ತು.

ಹಿಂತಿರುಗುವಾಗ ಹಳ್ಳ ಮೊಳಕಾಲಿನಷ್ಟಿತ್ತು. ದಾಟಿದೆವು. ಎದುರಿಗೆ ಏರು, ಕೆಸರು ಹೊಳೆಯುತ್ತಿತ್ತು. ಬಾಳವ್ವ ಬುಡದಲ್ಲಿ ಗಾಡಿ ನಿಲ್ಲಿಸಿದಳು. ಹಿಂದಿನಿಂದ ನನಗೆ ಅವಳ ಹೆಗಲು ಬಿಗಿದದ್ದು ಕಾಣುತ್ತಿತ್ತು. ಹೆದರಿಕೆಯಾಯಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

"ಇಳೀಲೇನವ್ವಾ?"

"ಬ್ಯಾಡ, ಗಟ್ಟಿ ಹಿಡಕೋ" ಎಂದಳು.

ಗೇರು ಹಾಕಿ ಕ್ಲಚ್ ಬಿಟ್ಟಳು. ಎಂಜಿನ್ ಒಂದು ಸಲ ಗುರ್ರೆಂದಿತು, ಅಷ್ಟೇ. ಒದರಲಿಲ್ಲ. ದಪ್ಪ ಗಾಲಿ ಮಣ್ಣು ಕಚ್ಚಿತು. ಗಾಡಿ ನಿಧಾನವಾಗಿ ಮೂಗು ಎತ್ತಿಕೊಂಡು ಏರತೊಡಗಿತು. ಅರ್ಧಕ್ಕೆ ಬಂದಾಗ ಹಿಂದಿನ ಗಾಲಿ ಒಂದು ಗೇಣು ಸರಿಯಿತು. ಬಾಳವ್ವ ಮೈಯನ್ನು ಮುಂದಕ್ಕೆ ಹಾಕಿ ಕೈ ಹದ ಮಾಡಿದಳು, ಅದು ಮತ್ತೆ ಹಿಡಿಯಿತು. ಮೇಲೆ ಮುಟ್ಟಿದಾಗ ನಾನು ಹೋ ಎಂದು ಕೂಗಿದ್ದು ಊರಿಗೇ ಕೇಳಿಸಿತಂತೆ. ಕೂಗುವ ಭರದಲ್ಲಿ ಹಿಡಿತ ಬಿಟ್ಟು ಕೆಸರಿನಲ್ಲಿ ಬಿದ್ದೆ. ಬಾಳವ್ವ ಹಿಂದೆ ತಿರುಗಿ ಮೊದಲು ಕ್ಯಾನು ಎಣಿಸಿದಳು, ಆಮೇಲೆ ನನ್ನನ್ನು ನೋಡಿ, "ಲಗೂ ಏಳು, ಲಾರಿ ಬರತೈತಿ" ಎಂದಳು.

ಲಾರಿ ಬಂದಾಗ ಹದಿನಾಲ್ಕು ಮನೆಗಳ ಹಾಲೂ ಡೇರಿಯ ಕಟ್ಟೆಯ ಮೇಲಿತ್ತು. ರಾಚಪ್ಪ ಕೆಸರು ಮೆತ್ತಿದ ನನ್ನ ಮುಖ ನೋಡಿ ಬಾಯಿ ತುಂಬ ನಕ್ಕ. "ನಾಳಿಂದ ಹಿಂಗ ನಡೀಲವ್ವಾ" ಎಂದು ಬಾಳವ್ವನಿಗೆ ಹೇಳಿದ. ಹೆಣ್ಣುಮಕ್ಕಳ ಕೆಲಸ ಅಲ್ಲ ಎಂದ ಮಾತನ್ನು ಯಾರೂ ಎತ್ತಲಿಲ್ಲ. ಅವನೇ ಅದನ್ನು ನುಂಗಿದ್ದು ಎಲ್ಲರಿಗೂ ಕಾಣುತ್ತಿತ್ತು.

ಲಾರಿ ಹೋದ ಮೇಲೆ ಬಾಳವ್ವ ನಳದ ಹತ್ತಿರ ಕೂತು ಕ್ಯಾನು ತೊಳೆಯತೊಡಗಿದಳು. ನಾನು ಬಾಜೂ ಹೋಗಿ ಕೂತೆ.

"ನನಗ ಬೈಯವಲ್ಲಿ ಯಾಕ?" ಎಂದೆ. "ಗಾಡಿ ಜಾರಾಕತ್ತಿದ ದಿನಾನ ಫೋನ್ ಹಚ್ಚಬೇಕಿತ್ತು. ಯಾಸೀನ ಒಂದ ಆಯಿಲ್ ಹೇಳಿದ್ದ, ನಾ ಒಂದ ಕೊಟ್ಟಿದ್ದೆ. ನಿನಗ ಗೊತ್ತಿತ್ತಲ್ಲ. ಆಯಿಲ್ ಮ್ಯಾಲ ಒಂದ ಸಲರ ಸಂಶಯ ಬರಲಿಲ್ಲೇನು?"

ಅವಳು ಕ್ಯಾನಿನೊಳಗೆ ಕೈ ಹಾಕಿ ತಿಕ್ಕುತ್ತಲೇ ಹೇಳಿದಳು: "ಹೆಂಗ ಬರಬೇಕು? ನೀ ಕೊಟ್ಟಿದ್ದಲ್ಲಾ ಅದು. ಗಾಡಿ ಮ್ಯಾಲ ಬಂತು, ಯಾಸೀನನ ಮ್ಯಾಲ ಬಂತು, ಕಡೀಕ ನನ್ನ ಕೈ ಮ್ಯಾಲ ಬಂತು. ನಿನ್ನ ಆಯಿಲ್ ಮ್ಯಾಲ ಬರಲಿಲ್ಲಣ್ಣಾ."

ಎಷ್ಟೋ ಗಿರಾಕಿಗಳು ನನ್ನ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದಿದ್ದಾರೆ. ಒಂದೂ ಇಷ್ಟು ಒಳಗೆ ಹೋಗಿ ನಾಟಿರಲಿಲ್ಲ. ಕೆಸರಿನ ಕೈಯಲ್ಲೇ ಕಣ್ಣು ಒರೆಸಿಕೊಂಡೆ, ಕಣ್ಣು ಮತ್ತಷ್ಟು ಉರಿಯಿತು.

ಬಾಳವ್ವ ನನ್ನ ಕಡೆ ನೋಡಿ, ತನ್ನ ಸೆರಗಿನ ತುದಿ ನೀರಿನಲ್ಲಿ ಅದ್ದಿ ನನ್ನ ಮುಖ ಒರೆಸಿದಳು. ಆಮೇಲೆ ತೊಳೆದ ಕ್ಯಾನೊಂದನ್ನು ನನ್ನ ತೊಡೆಯ ಮೇಲೆ ಇಟ್ಟಳು.

"ಇದು ಚನ್ನವ್ವನ ಕ್ಯಾನು. ಸಂಜೀಕ ಹಿಂಡಾಕ ಅಕಿಗೆ ಬೇಕು. ಕೊಟ್ಟ ಬರೋಣು, ಏಳು" ಎಂದಳು.

ನಾನು ಕ್ಯಾನು ಹಿಡಿದುಕೊಂಡು ಹೋಗಿ ಗಾಡಿಯ ಹಿಂದೆ ಹತ್ತಿದೆ.